ಸುಟ್ಟ ಕಲ್ಲು, ಒದ್ದ ಕಲ್ಲು

ಕಾಗಿನೆಲೆಯ ನಮ್ಮ ಓಣಿಯಲ್ಲಿ ಗೋಲಿ ಆಡುವಾಗ ಜಗಳ ಹತ್ತುತ್ತಿದ್ದದ್ದು ಗುರಿಯ ವಿಷಯಕ್ಕಲ್ಲ. ಗುರಿ ತಪ್ಪಿದರೆ ಎಲ್ಲರ ಕಣ್ಣೆದುರೇ ತಪ್ಪುತ್ತದೆ, ಅದರಲ್ಲಿ ವಾದಿಸುವುದಕ್ಕೆ ಏನೂ ಇರುವುದಿಲ್ಲ. ಜಗಳ ಹತ್ತುತ್ತಿದ್ದದ್ದು ಕಾಲು ತಾಗಿದ್ದಕ್ಕೆ. ಗೆದ್ದೆನೆಂದು ಕುಣಿಯುವ ಹುಡುಗನ ಕಾಲಿಗೆ ನೆಲದ ಮೇಲಿನ ಇನ್ನೊಂದು ಗೋಲಿ ತಾಗಿ ಅತ್ತ ಸರಿಯುತ್ತಿತ್ತು. "ನಿನ್ನ ಕಾಲು ತಾಗೈತಿ", "ಇಲ್ಲಲೇ, ಮೊದಲ ಅಲ್ಲೇ ಇತ್ತು". ಗೇಣು ಹಾಕಿ ಅಳೆಯೋಣವೆಂದರೆ ಅಳೆಯಬೇಕಾದ ಜಾಗವೇ ಅಳಿಸಿಹೋಗಿರುತ್ತಿತ್ತು. ಆಮೇಲೆ ಆಟ ಮುಗಿದು ಕೈಕೈ ಮಿಲಾಯಿಸುವುದು ಶುರು.

ಇದೇ ಜಗಳ 1972ರಲ್ಲಿ ಒಂದು ವಿಶ್ವ ಚಾಂಪಿಯನ್‌ಶಿಪ್‌ನ ಫೈನಲ್‌ನಲ್ಲಿ ನಡೆದಿತ್ತು ಎಂದು ಗೊತ್ತಾದಾಗ ನನಗೆ ನಿಜಕ್ಕೂ ಸಮಾಧಾನವಾಯಿತು. ಆಟದ ಹೆಸರು ಕರ್ಲಿಂಗ್. ನಮ್ಮ ಕಡೆಯವರು ಮಂಜುಗಡ್ಡೆಯನ್ನು ನೋಡಿರುವುದು ಜಾತ್ರೆಯ ಶರಬತ್ತಿನ ಗಾಡಿಯಲ್ಲಿ, ಅದೂ ಹೊಟ್ಟು ಮೆತ್ತಿಕೊಂಡ ಗೋಣಿಚೀಲದ ಒಳಗೆ. ಹಾಗಾಗಿ ಆಟವನ್ನು ಮೊದಲು ಹೇಳಿಬಿಡುತ್ತೇನೆ.

ಸುಮಾರು 45 ಮೀಟರ್ ಉದ್ದದ ಮಂಜಿನ ಅಂಗಳ. ಅದರ ತುದಿಯಲ್ಲಿ ಒಂದರೊಳಗೊಂದು ಬರೆದ ವರ್ತುಲಗಳು. ಅದಕ್ಕೆ 'ಮನೆ' ಎಂದೇ ಹೆಸರು. ಈ ತುದಿಯಿಂದ ಆಟಗಾರ ಹಿಡಿಯುಳ್ಳ ಒಂದು ದುಂಡು ಕಲ್ಲನ್ನು ಜಾರಿಸಿ ಬಿಡುತ್ತಾನೆ. ತೂಕ 17ರಿಂದ 20 ಕಿಲೋ, ಅಂದರೆ ತುಂಬಿದ ಒಂದು ಕೊಡದಷ್ಟು. ಬಿಡುವಾಗ ಹಿಡಿಯನ್ನು ತುಸು ತಿರುವಿದರೆ ಕಲ್ಲು ನಿಧಾನವಾಗಿ ಸುತ್ತುತ್ತ, ಕೊನೆಗೆ ಒಂದು ಕಡೆಗೆ ಬಾಗುತ್ತದೆ. ಕಲ್ಲಿನ ಮುಂದೆ ಇಬ್ಬರು ಬ್ರಷ್ ಹಿಡಿದು ಮಂಜನ್ನು ಉಜ್ಜುತ್ತ ಓಡುತ್ತಾರೆ. ಮೊದಲು ಅದು ಕಸಬರಿಗೆಯೇ ಆಗಿತ್ತು. ಉಜ್ಜಿದರೆ ಕಲ್ಲು ಇನ್ನಷ್ಟು ದೂರ, ಇನ್ನಷ್ಟು ನೇರ ಹೋಗುತ್ತದೆ. ತಂಡಕ್ಕೆ ನಾಲ್ವರು, ಒಬ್ಬೊಬ್ಬರಿಗೆ ಎರಡು ಕಲ್ಲು. ಹದಿನಾರೂ ಕಲ್ಲು ಮುಗಿದಾಗ ಮನೆಯ ನಡುವಿಗೆ ಯಾರ ಕಲ್ಲು ಹತ್ತಿರವೋ ಅವರಿಗೆ ಅಂಕ. ಎದುರಾಳಿಯ ಅತಿ ಹತ್ತಿರದ ಕಲ್ಲಿಗಿಂತ ಒಳಗಿರುವ ತಮ್ಮ ಪ್ರತಿ ಕಲ್ಲಿಗೂ ಒಂದೊಂದು. ಎದುರಾಳಿಯ ಕಲ್ಲನ್ನು ಹೊಡೆದು ಹೊರಹಾಕಬಹುದು. ಗೋಲಿ ಆಡಿದವರಿಗೆ ಇಷ್ಟು ಸಾಕು, ಉಳಿದದ್ದು ತಾನೇ ತಿಳಿಯುತ್ತದೆ.

ಇದು ಸ್ಕಾಟ್ಲೆಂಡಿನ ಆಟ. ಹೆಪ್ಪುಗಟ್ಟಿದ ಕೆರೆಗಳ ಮೇಲೆ, ಹೊಲದಲ್ಲಿ ಕೆಲಸವಿಲ್ಲದ ಚಳಿಗಾಲದಲ್ಲಿ ಬೆಳೆದದ್ದು. 1511 ಎಂಬ ಇಸವಿ ಕೆತ್ತಿದ ಒಂದು ಹಳೆಯ ಕಲ್ಲು ಅಲ್ಲಿದೆ. ಬರವಣಿಗೆಯ ಸಾಕ್ಷಿ ಇನ್ನೂ ಚೆಂದ. 1541ರಲ್ಲಿ ಪೈಸ್ಲಿ ಎಂಬ ಊರಿನ ಮಠದ ಸನ್ಯಾಸಿ ಜಾನ್ ಸ್ಕ್ಲೇಟರ್, ಮಠಾಧಿಪತಿಯ ಸಂಬಂಧಿಕ ಗ್ಯಾವಿನ್ ಹ್ಯಾಮಿಲ್ಟನ್‌ನಿಗೆ ಮಂಜಿನ ಮೇಲೆ ಕಲ್ಲು ಎಸೆಯುವ ಸವಾಲು ಹಾಕಿದ. ಅದನ್ನು ಒಬ್ಬ ನೋಟರಿ ಲ್ಯಾಟಿನ್‌ನಲ್ಲಿ ದಾಖಲಿಸಿಟ್ಟ. ಹೊಲದ ಬದುವಿನ ವ್ಯಾಜ್ಯ ಬರೆಯುವ ಕೈ ಆಟದ ಪಂದ್ಯವನ್ನೂ ಬರೆದಿದೆಯೆಂದರೆ, ಆಗಲೇ ಆಡುವವರಿಗೆ ಬಾಯಿಮಾತಿನ ಮೇಲೆ ಪೂರ್ತಿ ಭರವಸೆ ಇರಲಿಲ್ಲವೇನೋ! 1838ರಲ್ಲಿ ಎಡಿನ್‌ಬರೋದಲ್ಲಿ ನಿಯಮಗಳನ್ನು ಒಂದು ಮಾಡಲು ಕ್ಲಬ್ ಕಟ್ಟಿದರು. 1842ರಲ್ಲಿ ವಿಕ್ಟೋರಿಯಾ ರಾಣಿ ಸ್ಕೂನ್ ಅರಮನೆಗೆ ಬಂದಾಗ ಮಂಜಿನ ಕಾಲವಲ್ಲದ್ದರಿಂದ ನಯಮಾಡಿದ ನೆಲದ ಮೇಲೇ ಆಡಿ ತೋರಿಸಿದರು. ಮರುವರ್ಷ ಕ್ಲಬ್ಬಿನ ಹೆಸರಿಗೆ 'ರಾಯಲ್' ಸೇರಿತು.

ಕಲ್ಲಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ನಾನು ಕಲ್ಲಿನ ಗುಡಿಗಳ ಜಿಲ್ಲೆಯವನು. ಹಾವೇರಿಯ ಸಿದ್ಧೇಶ್ವರ, ಹಾನಗಲ್ಲಿನ ತಾರಕೇಶ್ವರ ನೋಡಿ ಬೆಳೆದವನು. ಯಾವ ಕಲ್ಲು ಯಾವ ಕೆಲಸಕ್ಕೆ ಎನ್ನುವುದು ನಮ್ಮ ಕಡೆಯ ಶಿಲ್ಪಿಗಳು ಒಂಬೈನೂರು ವರ್ಷದ ಹಿಂದೆಯೇ ಬಲ್ಲವರು. ಬಳಪದ ಕಲ್ಲು ಉಳಿಗೆ ಬಾಗುತ್ತದೆ, ಕಂಬಕ್ಕೆ ಬಳೆಯಂಥ ಸುತ್ತು ಕೊಡಬಹುದು. ಆದರೆ ಅದನ್ನು ಇನ್ನೊಂದು ಕಲ್ಲಿಗೆ ಡಿಕ್ಕಿ ಹೊಡೆಸಿದರೆ ಚೂರಾಗುತ್ತದೆ. ಕರ್ಲಿಂಗ್‌ನವರಿಗೆ ಬೇಕಾದದ್ದು ಇದಕ್ಕೆ ಪೂರ್ತಿ ವಿರುದ್ಧ ಗುಣ. ಅದು ಅವರಿಗೆ ಸಿಕ್ಕಿದ್ದು ಸ್ಕಾಟ್ಲೆಂಡಿನ ಪಶ್ಚಿಮ ತೀರದಿಂದ ಹದಿನಾರು ಕಿಲೋಮೀಟರ್ ಆಚೆ, ಸಮುದ್ರದಲ್ಲಿ ಗೋಪುರದಂತೆ ಎದ್ದು ನಿಂತ ಐಲ್ಸಾ ಕ್ರೇಗ್ ದ್ವೀಪದಲ್ಲಿ. ಸತ್ತ ಜ್ವಾಲಾಮುಖಿಯ ಗಂಟಲಲ್ಲಿ ಗಟ್ಟಿಯಾದ ಕಲ್ಲು ಅದು. ಒಂದು ಬಗೆ ಡಿಕ್ಕಿಯನ್ನು ತಾಳಿಕೊಳ್ಳುತ್ತದೆ. ಇನ್ನೊಂದು, 'ಬ್ಲೂ ಹೋನ್' ಎನ್ನುವುದು, ಎಷ್ಟು ಸಣ್ಣ ಕಣದ್ದೆಂದರೆ ನೀರನ್ನು ಒಳಗೆ ಬಿಟ್ಟುಕೊಳ್ಳುವುದೇ ಇಲ್ಲ. ನೀರು ಒಳಗೆ ಹೋದರೆ ತಾನೇ ಹೆಪ್ಪುಗಟ್ಟಿ ಕಲ್ಲನ್ನು ಸೀಳುವುದು? ಹಾಗಾಗಿ ಒಡಲು ಒಂದು ಬಗೆಯದು, ಮಂಜಿಗೆ ತಾಗುವ ಭಾಗ ಇನ್ನೊಂದರದು. ಆ ತಾಗುವ ಭಾಗವೂ ಪೂರ್ತಿ ತಳವಲ್ಲ. ತಳವನ್ನು ತಟ್ಟೆಯಂತೆ ಒಳಗೆ ತೋಡಿ, ಕೆಲವೇ ಮಿಲಿಮೀಟರ್ ಅಗಲದ ಒಂದು ಉಂಗುರದ ಮೇಲಷ್ಟೇ ಕಲ್ಲು ಜಾರುತ್ತದೆ. ಮಂಜೂ ಗಾಜಿನಂತೆ ನುಣುಪಲ್ಲ. ಆಟಕ್ಕೆ ಮುಂಚೆ ಅದರ ಮೇಲೆ ನೀರಿನ ಹನಿ ಚಿಮುಕಿಸಿ ಸಣ್ಣ ಬೊಕ್ಕೆಗಳೇಳುವಂತೆ ಮಾಡುತ್ತಾರೆ. ಕಲ್ಲು ಯಾಕೆ ಬಾಗುತ್ತದೆ ಎಂಬ ಪ್ರಶ್ನೆಗೆ ವಿಜ್ಞಾನಿಗಳಲ್ಲಿ ಇನ್ನೂ ಒಮ್ಮತವಿಲ್ಲ. ಐಲ್ಸಾ ಕ್ರೇಗ್‌ನಲ್ಲಿ ಈಗ ಮನುಷ್ಯರ ವಾಸವಿಲ್ಲ, ಅದು ಕಡಲಹಕ್ಕಿಗಳ ಊರು. ಅಲ್ಲಿಯ ಕಲ್ಲಿನ ಹಕ್ಕು ಇರುವುದು 1851ರಿಂದ ಈ ಕೆಲಸ ಮಾಡಿಕೊಂಡು ಬಂದಿರುವ ಮಾಕ್ಲಿನ್ ಊರಿನ ಕೇಸ್ ಕಂಪನಿಗೆ.

ಆಟದ ಗುಣವನ್ನು ಕಲ್ಲಿಗಿಂತ ಹೆಚ್ಚಾಗಿ ಒಂದು ನಿಯಮ ಹೇಳುತ್ತದೆ. ಜಾರುತ್ತಿರುವ ಕಲ್ಲಿಗೆ ಉಜ್ಜುವವನ ಬ್ರಷ್ಷೋ ಕಾಲೋ ತಾಗಿದರೆ ಆ ಕಲ್ಲನ್ನು 'ಸುಟ್ಟ ಕಲ್ಲು' ಎನ್ನುತ್ತಾರೆ. ಓಡುವ ಭರದಲ್ಲಿ ಕೂದಲೆಳೆಯಷ್ಟು ತಾಗಿದ್ದು ದೂರ ನಿಂತವರಿಗೆ ಕಾಣುವುದಿಲ್ಲ. ಹಾಗಾಗಿ ತಾಗಿಸಿದವನೇ ಕೈಯೆತ್ತಿ, "ನನ್ನಿಂದ ಸುಟ್ಟಿತು" ಎಂದು ಹೇಳಬೇಕು. ಹೇಳದಿದ್ದರೆ ಹಲವು ಸಲ ಯಾರಿಗೂ ಗೊತ್ತಾಗುವುದೇ ಇಲ್ಲ.

ಕಾಗಿನೆಲೆಯಲ್ಲಿ ಹುಟ್ಟಿದವನು ಇದನ್ನು ಓದಿ ಕನಕದಾಸರ ಬಾಳೆಹಣ್ಣನ್ನು ನೆನೆಯದೇ ಇರಲಾರ. ವ್ಯಾಸರಾಯರು ಶಿಷ್ಯರಿಗೆಲ್ಲ ಒಂದೊಂದು ಹಣ್ಣು ಕೊಟ್ಟು ಯಾರೂ ಕಾಣದ ಜಾಗದಲ್ಲಿ ತಿಂದು ಬನ್ನಿ ಎಂದರಂತೆ. ಎಲ್ಲರೂ ಕದ ಹಾಕಿಕೊಂಡೋ ಗಿಡದ ಮರೆಯಲ್ಲೋ ತಿಂದು ಬಂದರೆ, ಕನಕದಾಸರು ಮಾತ್ರ ಹಣ್ಣನ್ನು ಹಾಗೇ ತಿರುಗಿ ತಂದರಂತೆ, ದೇವರು ಕಾಣದ ಜಾಗ ಸಿಗಲಿಲ್ಲವೆಂದು. ಐತಿಹ್ಯ, ಇತಿಹಾಸವಲ್ಲ. ಶಾಲೆಯಲ್ಲಿ ಈ ಕಥೆ ಕೇಳಿದ ಸಂಜೆಯೂ ನಾವು ಗೋಲಿಯಲ್ಲಿ ಮೋಸ ಮಾಡಿದ್ದೇವೆ. ಕಥೆ ಗೊತ್ತಿರುವುದು ಬೇರೆ, ಕೈಯಲ್ಲಿ ಹಣ್ಣಿರುವುದು ಬೇರೆ.

ಊರ ಕೆರೆಯ ಆಟದಲ್ಲಿ ಈ ನಂಬಿಕೆ ನಡೆಯುತ್ತದೆ, ನಾಳೆ ಅದೇ ಮುಖಗಳನ್ನು ನೋಡಬೇಕಲ್ಲ. ಆದರೆ ದೇಶ ದೇಶಗಳ ನಡುವೆ? ಪುರುಷರ ವಿಶ್ವ ಚಾಂಪಿಯನ್‌ಶಿಪ್ ಶುರುವಾದದ್ದು 1959ರಲ್ಲಿ, 'ಸ್ಕಾಚ್ ಕಪ್' ಎಂಬ ಹೆಸರಿನಲ್ಲಿ. ಹೆಸರೇ ಹೇಳುವಂತೆ ಅದು ಸ್ಕಾಚ್ ವಿಸ್ಕಿ ವ್ಯಾಪಾರದ ಪ್ರಚಾರಕ್ಕೆ ಹುಟ್ಟಿದ್ದು. ಮೊದಲ ವರ್ಷ ಇದ್ದದ್ದು ಎರಡೇ ತಂಡ, ಸ್ಕಾಟ್ಲೆಂಡ್ ಮತ್ತು ಕೆನಡಾ. ಕೆನಡಾದ ಸಸ್ಕಾಚವಾನ್ ಪ್ರಾಂತದಿಂದ ಬಂದವರು ರಿಚರ್ಡ್‌ಸನ್ ಮನೆತನದ ನಾಲ್ವರು. ಅರ್ನಿ, ಅವನ ಅಣ್ಣತಮ್ಮಂದಿರ ಪೈಕಿ ಸ್ಯಾಮ್, ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳಾದ ಆರ್ನಲ್ಡ್ ಮತ್ತು ವೆಸ್. ಐದು ಪಂದ್ಯ ಆಡಿದರು, ಐದನ್ನೂ ಗೆದ್ದರು. ಸ್ಕಾಟರು ಕಲ್ಲನ್ನು ನಾಜೂಕಾಗಿ ತಂದು ಮನೆಯಲ್ಲಿ ಕೂರಿಸುವುದರಲ್ಲಿ ನಿಪುಣರು. ಇವರೋ ಮಂಜಿನ ಮೇಲೆ ತಾವೂ ಉದ್ದಕ್ಕೆ ಜಾರುತ್ತ ಹೋಗಿ, ಗುರಿಯಿಟ್ಟು ಎದುರಾಳಿಯ ಕಲ್ಲುಗಳನ್ನು ಹೊಡೆದು ಮನೆ ಖಾಲಿ ಮಾಡುವವರು. ಆಟ ಕಲಿಸಿದ ಊರಿನಲ್ಲೇ ಗುರುವಿಗೆ ತಿರುಮಂತ್ರ! 1960, 1962, 1963ರಲ್ಲೂ ಅರ್ನಿಯದೇ ತಂಡ. ಅಷ್ಟರಲ್ಲಿ ಅಮೆರಿಕ, ಸ್ವೀಡನ್ ಸೇರಿದವು, ಆಮೇಲೆ ಸ್ವಿಟ್ಜರ್‌ಲೆಂಡ್, ನಾರ್ವೆ, ಫ್ರಾನ್ಸ್, ಜರ್ಮನಿ. ಸ್ಕಾಟ್ಲೆಂಡ್ ತನ್ನದೇ ಆಟದ ಕಪ್ ಎತ್ತಲು 1967ರ ತನಕ, ಚಕ್ ಹೇ ಎಂಬ ನಾಯಕನ ತನಕ ಕಾಯಬೇಕಾಯಿತು. ಮರುವರ್ಷ ವಿಸ್ಕಿ ಹೋಗಿ ವಿಮಾನ ಕಂಪನಿ ಬಂತು, ಪಂದ್ಯಾವಳಿಗೆ 'ಏರ್ ಕೆನಡಾ ಸಿಲ್ವರ್ ಬ್ರೂಮ್' ಎಂಬ ಹೆಸರಾಯಿತು. ಬೆಳ್ಳಿಯ ಕಸಬರಿಗೆ. 1968ರಿಂದ 71ರ ತನಕ ನಾಲ್ಕು ವರ್ಷ ಆ ಕಸಬರಿಗೆ ಕೆನಡಾದ ಮನೆಯಲ್ಲೇ ಇತ್ತು.

1972ರ ಮಾರ್ಚ್. ಜರ್ಮನಿಯ ಗಾರ್ಮಿಷ್-ಪಾರ್ಟನ್‌ಕಿರ್ಷೆನ್. ಫೈನಲ್‌ನಲ್ಲಿ ಕೆನಡಾದ ಓರೆಸ್ಟ್ ಮೆಲೆಶುಕ್‌ನ ತಂಡದ ಎದುರು ಅಮೆರಿಕದ ನಾರ್ತ್ ಡಕೋಟಾದ ಬಾಬ್ ಲಾಬಾಂಟ್‌ನ ತಂಡ. ಕೊನೆಯ ಸುತ್ತಿಗೆ ಅಮೆರಿಕ 9, ಕೆನಡಾ 7. ಉಳಿದದ್ದು ಒಂದೇ ಕಲ್ಲು, ಅದು ಮೆಲೆಶುಕ್‌ನ ಕೈಯಲ್ಲಿ. ಎದುರಾಳಿಯ ಕಲ್ಲನ್ನು ಹೊಡೆದು ಹೊರಹಾಕಿ ತನ್ನ ಕಲ್ಲು ಒಳಗೇ ನಿಂತರೆ ಎರಡು ಅಂಕ, ಸಮ. ಹೊಡೆದ. ತಾಗಿತು. ಆದರೆ ಅವನ ಕಲ್ಲು ನಿಲ್ಲದೆ ಪಕ್ಕಕ್ಕೆ ಉರುಳಿಕೊಂಡು ಹೋಯಿತು. ಎಷ್ಟು ಹೋಯಿತು? ಅಲ್ಲೇ ಇದ್ದ ಅಮೆರಿಕದ ಉಪನಾಯಕ ಫ್ರಾಂಕ್ ಆಸಂಡ್‌ನಿಗೆ ಗೆದ್ದೆವು ಅನ್ನಿಸಿತು. ಅವನ ಸಂಭ್ರಮ ನೋಡಿ ಲಾಬಾಂಟ್ ಮೇಲಕ್ಕೆ ಹಾರಿದ. ಕೆಳಗೆ ಬರುವಾಗ ಕಾಲು ಜಾರಿತು, ಮಂಜಲ್ಲವೇ, ಆ ಜಾರಿದ ಕಾಲು ಹೋಗಿ ಕೆನಡಾದ ಕಲ್ಲಿಗೆ ತಾಗಿತು. ಕಲ್ಲು ಸರಿಯಿತು.

ಯಾವುದು ಹತ್ತಿರವೆಂದು ಕಣ್ಣಿಗೆ ಹೇಳಲಾಗದಿದ್ದಾಗ ಮನೆಯ ನಡುಬಿಂದುವಿನಲ್ಲಿ ಮೊಳೆಯೂರಿ ಸುತ್ತ ತಿರುಗುವ ಒಂದು ಅಳತೆಗೋಲು ಇಡುತ್ತಾರೆ. ಅಂದು ಅದನ್ನು ಇಟ್ಟು ಪ್ರಯೋಜನವಿರಲಿಲ್ಲ. ಅಧಿಕಾರಿಗಳು ಕೂಡಿ ಮಾತಾಡಿ ಕೆನಡಾಕ್ಕೆ ಎರಡು ಅಂಕ ಕೊಟ್ಟರು. 9-9. ಹೆಚ್ಚುವರಿ ಸುತ್ತು ಆಡಿಸಿದರು, ಕೆನಡಾ 10-9ರಿಂದ ಗೆದ್ದಿತು.

ತೀರ್ಪು ಸರಿಯೇ? ನನಗೆ ಸರಿ ಅನ್ನಿಸುತ್ತದೆ. ಈಗಿನ ನಿಯಮವೂ ಅದೇ ದಾರಿಯದು. ಅಳೆಯಬೇಕಾದ ಕಲ್ಲನ್ನು ಒಂದು ತಂಡ ಅಲುಗಿಸಿದರೆ, ಅಳತೆಯಿಂದ ಬರಬಹುದಾಗಿದ್ದ ಲಾಭ ಇನ್ನೊಂದು ತಂಡಕ್ಕೆ. ನಮ್ಮ ಓಣಿಯಲ್ಲೂ ಶಾಂತವಾಗಿದ್ದ ದಿನಗಳಲ್ಲಿ ಇದೇ ಪಂಚಾಯ್ತಿ. ಆದರೆ ಲಾಬಾಂಟ್ ಮೋಸಗಾರನಲ್ಲ. ಕದ್ದು ಒದ್ದವನಲ್ಲ, ಸಾವಿರ ಜನರ ಎದುರು ಸಂತೋಷದಿಂದ ಬಿದ್ದವನು. ಸುಟ್ಟ ಕಲ್ಲಿನ ಬಗ್ಗೆ ಕೈಯೆತ್ತಿ ಹೇಳಬಹುದು, ಆಗ ಹೇಳಿದವನಿಗೆ ಮರ್ಯಾದೆಯಾದರೂ ಉಳಿಯುತ್ತದೆ. ಇಲ್ಲಿ ಹೇಳಿಕೊಳ್ಳುವುದಕ್ಕೆ ಏನೂ ಉಳಿದಿರಲಿಲ್ಲ, ಎಲ್ಲರೂ ನೋಡಿಯಾಗಿತ್ತು. ಗೆಲುವೆಂಬುದನ್ನು ಕೇಳದೆ, ಅಳೆಯದೆ, ಇನ್ನೊಬ್ಬನ ಮುಖ ನೋಡಿ ನಂಬಿದ್ದೇ ಅವನ ತಪ್ಪು.

ಮುಂದಿನ ಕಥೆ ಮೂಢನಂಬಿಕೆಯವರಿಗೆ ಹಬ್ಬ. ಆ ಗೆಲುವಿನ ನಂತರ ಕೆನಡಾ 1980ರಲ್ಲಿ ರಿಕ್ ಫೋಕ್ ಬರುವ ತನಕ ವಿಶ್ವ ಪಟ್ಟ ಕಾಣಲಿಲ್ಲ. ಸ್ವೀಡನ್ ಎರಡು ಸಲ, ಅಮೆರಿಕ ಮೂರು ಸಲ, ಸ್ವಿಟ್ಜರ್‌ಲೆಂಡ್, ನಾರ್ವೆ ಒಂದೊಂದು ಸಲ ಗೆದ್ದವು. 1978ರಲ್ಲಂತೂ ಕೆನಡಾದ ವಿನಿಪೆಗ್‌ನಲ್ಲೇ ಅಮೆರಿಕ ಗೆದ್ದಿತು. ಇದಕ್ಕೆ 'ಲಾಬಾಂಟ್‌ನ ಶಾಪ' ಎಂದು ಹೆಸರಿಟ್ಟರು. ನನಗೆ ಶಾಪದಲ್ಲಿ ನಂಬಿಕೆಯಿಲ್ಲ. ರಿಚರ್ಡ್‌ಸನ್‌ರು 1959ರಲ್ಲಿ ಸ್ಕಾಟರಿಗೆ ಮಾಡಿದ್ದನ್ನು ಯುರೋಪಿನವರು ನೋಡಿ ಕಲಿತು ಕೆನಡಾಕ್ಕೆ ಮಾಡಿದರು, ಅಷ್ಟೇ.

ಆಮೇಲಿನ ವರ್ಷಗಳಲ್ಲಿ ನಂಬಿಕೆಯ ಜಾಗಕ್ಕೆ ಒಂದೊಂದಾಗಿ ಯಂತ್ರ, ನಿಯಮಗಳು ಬಂದವು. 1998ರ ನಾಗಾನೊದಿಂದ ಆಟ ಒಲಿಂಪಿಕ್ಸ್‌ನ ಕಾಯಂ ಸ್ಪರ್ಧೆಯಾಯಿತು, ಗೆಲುವಿನ ಬೆಲೆ ಏರಿತು. ಈಗ ಕಲ್ಲಿನ ಹಿಡಿಯೊಳಗೆ ಒಂದು ಸೆನ್ಸರ್ ಇದೆ, ಗೆರೆ ದಾಟುವ ಮುನ್ನ ಕೈ ಬಿಟ್ಟಿತೋ ಇಲ್ಲವೋ ಎಂದು ಹಸಿರು ಕೆಂಪು ದೀಪ ತೋರಿಸುತ್ತದೆ. 2015ರಲ್ಲಿ ಜಗಳ ಬ್ರಷ್ಷಿನ ಬಟ್ಟೆಗೆ ಬಂತು. ಹೊಸ ಬಗೆಯ ಒರಟು ಬಟ್ಟೆಯಿಂದ ಉಜ್ಜಿದರೆ ಕಲ್ಲನ್ನು ಬೇಕಾದತ್ತ ತಿರುಗಿಸಬಹುದೆಂದು ಕಂಡಿತು, ಎಸೆಯುವವನ ಕೈಚಳಕಕ್ಕೆ ಬೆಲೆಯೇ ಉಳಿಯುವುದಿಲ್ಲವೆಂದು ದೊಡ್ಡ ಆಟಗಾರರೇ ಅದನ್ನು ಬಳಸುವುದಿಲ್ಲವೆಂದು ಸಹಿ ಹಾಕಿದರು. 2016ರಲ್ಲಿ ಒಪ್ಪಿತವಾದ ಒಂದೇ ಬಟ್ಟೆ ಎಂದು ತೀರ್ಮಾನವಾಯಿತು. ಇಷ್ಟಾದರೂ ಉಜ್ಜುವವನ ಕಾಲು ಕಲ್ಲಿಗೆ ತಾಗಿತೇ ಎಂದು ಹೇಳುವ ದೀಪವನ್ನು ಯಾರೂ ಹಚ್ಚಿಲ್ಲ. ಅದಕ್ಕೆ ಇನ್ನೂ ಆಟಗಾರನೇ ಕೈಯೆತ್ತಬೇಕು.

ಗಾರ್ಮಿಷ್‌ನ ಆ ಎರಡು ಕಲ್ಲುಗಳಲ್ಲಿ ನಡುವಿಗೆ ಯಾವುದು ಹತ್ತಿರವಿತ್ತು ಎಂದು ಈಗಲೂ ವಾದಿಸುವವರಿದ್ದಾರೆ. ಲಾಬಾಂಟ್ ಹಾರದಿದ್ದರೂ ಕೆನಡಾಕ್ಕೆ ಎರಡು ಅಂಕ ಸಿಗುತ್ತಿತ್ತೆಂದು ಒಂದು ಕಡೆಯವರು, ಇಲ್ಲವೆಂದು ಇನ್ನೊಂದು ಕಡೆಯವರು. ಅಳತೆಗೋಲು ಮಾತ್ರ ಅಂದು ಮನೆಯೊಳಗೆ ಇಳಿಯಲೇ ಇಲ್ಲ.