ಹೊಗೆಸೊಪ್ಪು

ಹೊಗೆಸೊಪ್ಪು ಎಂದರೆ ಒಣಗಿಸಿ ಹದಗೊಳಿಸಿದ ತಂಬಾಕಿನ ಎಲೆ. ಈ ಹೆಸರು ತಂಬಾಕಿನ ಗಿಡಕ್ಕೂ ಸಲ್ಲುತ್ತದೆಯಾದರೂ, ಕರ್ನಾಟಕದ ಗ್ರಾಮೀಣ ಬಳಕೆಯಲ್ಲಿ ಇದು ವೀಳ್ಯದೆಲೆ, ಅಡಿಕೆ ಮತ್ತು ಸುಣ್ಣದೊಂದಿಗೆ ಜಗಿಯುವ ತಂಬಾಕನ್ನು ಹೆಚ್ಚಾಗಿ ಸೂಚಿಸುತ್ತದೆ. ಇದರ ಅಗ್ಗದ ರೂಪವೇ ಕಡ್ಡಿಪುಡಿ. ಚಿಕ್ಕಮಗಳೂರು ಜಿಲ್ಲೆಯ ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳಂತಹ ಅಡಿಕೆ ಬೆಳೆಯುವ ಪ್ರದೇಶಗಳಲ್ಲಿ ಎಲೆಯಡಿಕೆಯ ರೂಢಿಯೊಡನೆ ಹೊಗೆಸೊಪ್ಪೂ ಬೆರೆತುಕೊಂಡಿದೆ. ಸ್ವೀಡನ್ ದೇಶದ ಸ್ನುಸ್‌ನಂತೆ ಇದೂ ಹೊಗೆರಹಿತ ತಂಬಾಕಿನ ವರ್ಗಕ್ಕೆ ಸೇರುತ್ತದೆ. ಹೊಗೆರಹಿತ ತಂಬಾಕು ಬಾಯಿಯ ಕ್ಯಾನ್ಸರಿಗೆ ಕಾರಣವೆಂಬುದು ಸಿದ್ಧವಾಗಿದೆ.

ಹೆಸರು

‘ಹೊಗೆ’ ಮತ್ತು ‘ಸೊಪ್ಪು’ ಎಂಬ ಎರಡು ಕನ್ನಡ ಪದಗಳು ಸೇರಿ ಈ ಹೆಸರಾಗಿದೆ. ತಮಿಳಿನ ‘ಪುಗೈಯಿಲೈ’, ಮಲಯಾಳದ ‘ಪುಗಯಿಲ’ ಮತ್ತು ತೆಲುಗಿನ ‘ಪೊಗಾಕು’ ಪದಗಳ ರಚನೆಯೂ ಇಂಥದೇ. ಜಗಿಯುವ ವಸ್ತುವಿಗೆ ಹೊಗೆಯ ಹೆಸರಿರುವುದು, ದಕ್ಷಿಣ ಭಾರತದ ಜನರು ಈ ಎಲೆಯನ್ನು ಮೊದಲು ಸೇದುವ ವಸ್ತುವಾಗಿ ಗುರುತಿಸಿದರೆಂಬುದನ್ನು ಸೂಚಿಸುತ್ತದೆ. ‘ತಂಬಾಕು’ ಎಂಬುದು ವಿದೇಶಿ ಮೂಲದ ಪದ. ಕಡ್ಡಿಪುಡಿ ಎಂಬ ಹೆಸರು ಅದನ್ನು ತಯಾರಿಸುವ ಕಚ್ಚಾವಸ್ತುವಿನಿಂದ, ಅಂದರೆ ತಂಬಾಕಿನ ಕಡ್ಡಿಯಿಂದ ಬಂದಿದೆ. 2013ರಲ್ಲಿ ಸೂರಿ ನಿರ್ದೇಶನದಲ್ಲಿ ತೆರೆಕಂಡ ಶಿವರಾಜ್‌ಕುಮಾರ್ ಅಭಿನಯದ ಕನ್ನಡ ಚಲನಚಿತ್ರವೊಂದಕ್ಕೂ ‘ಕಡ್ಡಿಪುಡಿ’ ಎಂಬ ಹೆಸರಿದೆ.

ಇತಿಹಾಸ

ತಾಂಬೂಲದ ಪದ್ಧತಿ ತಂಬಾಕಿಗಿಂತ ಬಹಳ ಹಳೆಯದು. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ತಾಂಬೂಲವನ್ನು ರಾಜಭೋಗಗಳಲ್ಲಿ ಒಂದೆಂದು ವಿವರಿಸುತ್ತದೆ. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕನೂ ವೀಳ್ಯದ ಬಗ್ಗೆ ಬರೆದಿದ್ದಾನೆ. ಆ ಕಾಲದ ತಾಂಬೂಲದಲ್ಲಿ ತಂಬಾಕು ಇರಲಿಲ್ಲ. ಅಮೆರಿಕ ಖಂಡದ ಈ ಗಿಡ ಆಗಿನ್ನೂ ಭಾರತಕ್ಕೆ ಬಂದಿರಲಿಲ್ಲ.

ಪೋರ್ಚುಗೀಸರ ಮೂಲಕ ತಂಬಾಕು ಪಶ್ಚಿಮ ಕರಾವಳಿಗೆ, ಅಲ್ಲಿಂದ ದಖ್ಖನಿಗೆ ಹರಡಿತು. ಮೊಗಲ್ ಚಕ್ರವರ್ತಿ ಅಕ್ಬರನ ಆಸ್ಥಾನದ ಅಸದ್ ಬೇಗ್ 17ನೆಯ ಶತಮಾನದ ಮೊದಲ ವರ್ಷಗಳಲ್ಲಿ ಆದಿಲ್‌ಶಾಹಿ ರಾಜಧಾನಿ ಬಿಜಾಪುರಕ್ಕೆ (ಇಂದಿನ ವಿಜಯಪುರ) ಬಂದಾಗ ತಂಬಾಕನ್ನು ಕಂಡು, ಅದನ್ನೂ ಸೇದುವ ಕೊಳವೆಯನ್ನೂ ಚಕ್ರವರ್ತಿಗೆ ಕಾಣಿಕೆಯಾಗಿ ಒಯ್ದನು. ಭಾರತದಲ್ಲಿ ತಂಬಾಕಿನ ಹರಡುವಿಕೆಯ ಬಗ್ಗೆ ದೊರೆಯುವ ಹಳೆಯ ವಿವರಗಳಲ್ಲಿ ಅವನ ಬರಹವೂ ಒಂದು. ಮುಂದೆ ಬ್ರಿಟಿಷ್ ಈಸ್ಟ್ ಇಂಡಿಯಾ ಕಂಪನಿಯು ಕೆನರಾ ಮತ್ತು ಮಲಬಾರ್ ಪ್ರದೇಶಗಳಲ್ಲಿ ತಂಬಾಕಿನ ವ್ಯಾಪಾರದ ಏಕಸ್ವಾಮ್ಯವನ್ನು ತನ್ನ ಕೈಯಲ್ಲಿ ಇಟ್ಟುಕೊಂಡಿತ್ತು.

ಎಲೆಯಡಿಕೆಯನ್ನು ಇಡುವ ಬಟ್ಟೆಯ ಚೀಲವನ್ನು ‘ಸಂಚಿ’ ಎನ್ನುತ್ತಾರೆ. 17ನೆಯ ಶತಮಾನದ ಕೊನೆಯಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿದ್ದ ಕವಯಿತ್ರಿ ಹೊನ್ನಮ್ಮನಿಗೆ ‘ಸಂಚಿಯ ಹೊನ್ನಮ್ಮ’ ಎಂಬ ಹೆಸರು ಬಂದುದು ಎಲೆಯಡಿಕೆಯ ಸಂಚಿಯನ್ನು ಹಿಡಿಯುವ ಊಳಿಗದಿಂದ. ಕಾಲಕ್ರಮದಲ್ಲಿ ಎಲೆ, ಅಡಿಕೆ, ಸುಣ್ಣದ ಡಬ್ಬಿ ಮತ್ತು ಅಡಕತ್ತರಿಗಳ ಜೊತೆಗೆ ಹೊಗೆಸೊಪ್ಪಿನ ಎಸಳೂ ಹಳ್ಳಿಗರ ಸಂಚಿಯನ್ನು ಸೇರಿತು.

ವಿಧಗಳು ಮತ್ತು ರುಚಿ

ಎಲೆ ಹೊಗೆಸೊಪ್ಪನ್ನು ಅಂಗಡಿಗಳಲ್ಲಿ ತುಂಡು ಮಾಡಿ ಬಿಡಿಯಾಗಿ ಮಾರುತ್ತಾರೆ. ಜಗಿಯುವವರು ಅದರಿಂದ ಸಣ್ಣ ಚೂರನ್ನು ಹರಿದು, ಸುಣ್ಣ ಹಚ್ಚಿದ ಎಲೆ ಮತ್ತು ಅಡಿಕೆಯೊಂದಿಗೆ ಬಾಯಿಗೆ ಹಾಕಿಕೊಂಡು ಕೆನ್ನೆಯ ಒಳಬದಿಯಲ್ಲಿ ಇಟ್ಟುಕೊಳ್ಳುತ್ತಾರೆ. ಹಲ್ಲಿಲ್ಲದ ವೃದ್ಧರು ಎಲೆಯಡಿಕೆಯನ್ನು ಕುಟ್ಟಾಣಿಯಲ್ಲಿ ಕುಟ್ಟಿ ಬಳಸುವುದುಂಟು. ಕಡ್ಡಿಪುಡಿಯು ತಂಬಾಕಿನ ಕಾಂಡ ಮತ್ತು ಎಲೆಯ ತೊಟ್ಟುಗಳನ್ನು ಪುಡಿಮಾಡಿ ಪಡೆದದ್ದು. ಈ ಪುಡಿಗೆ ಬೆಲ್ಲ ಮತ್ತು ನೀರನ್ನು ಸೇರಿಸಿ ಗಟ್ಟಿಯಾದ ಅಚ್ಚುಗಳನ್ನು ಮಾಡುವ ಕ್ರಮವೂ ಇದೆ.

ಬಳಸುವವರು ಅರಸುವ ರುಚಿ ಹಲವು ರಸಗಳ ಕೂಟ. ಅಡಿಕೆಯ ಒಗರು, ವೀಳ್ಯದೆಲೆಯ ಖಾರ ಮತ್ತು ಸುಣ್ಣದ ಕಟುತ್ವದ ಮೇಲೆ ಹೊಗೆಸೊಪ್ಪಿನ ಘಾಟು ಸೇರುತ್ತದೆ. ಬೆಲ್ಲ ಬೆರೆಸಿದ ಕಡ್ಡಿಪುಡಿಯಲ್ಲಿ ಸಿಹಿಯೂ ಇರುತ್ತದೆ. ಸುಣ್ಣದ ಪಾತ್ರ ರುಚಿಗಷ್ಟೇ ಸೀಮಿತವಲ್ಲ. ಅದು ಬಾಯಿಯ ರಸವನ್ನು ಕ್ಷಾರೀಯಗೊಳಿಸುವುದರಿಂದ ನಿಕೋಟಿನ್ ಬೇಗನೆ ರಕ್ತಕ್ಕೆ ಸೇರುತ್ತದೆ. ಹೊಸಬರಿಗೆ ತಲೆಸುತ್ತು ಬರುವುದಕ್ಕೂ, ರೂಢಿಯಾದವರಿಗೆ ಬಿಡುವುದು ಕಷ್ಟವಾಗುವುದಕ್ಕೂ ನಿಕೋಟಿನ್ ಕಾರಣ.

ಸ್ನುಸ್‌ನೊಂದಿಗೆ ಹೋಲಿಕೆ

ಸ್ವೀಡನ್ನಿನಲ್ಲಿ 18ನೆಯ ಶತಮಾನದಲ್ಲಿ ಮೂಗಿಗೆ ಏರಿಸುವ ನಶ್ಯ ಪ್ರಚಲಿತವಾಗಿತ್ತು. 19ನೆಯ ಶತಮಾನದಲ್ಲಿ ತೇವವಾದ ತಂಬಾಕಿನ ಪುಡಿಯನ್ನು ಬೆರಳಿನಲ್ಲಿ ಉಂಡೆಮಾಡಿ ಮೇಲ್ದುಟಿಯ ಒಳಗೆ ಇಟ್ಟುಕೊಳ್ಳುವ ರೂಢಿ ಬೆಳೆಯಿತು. ಇದೇ ಬಿಡಿ ಸ್ನುಸ್. 1822ರಷ್ಟು ಹಳೆಯದಾದ ‘ಎಟ್ಟನ್’ ಮತ್ತು ಬರ್ಗಮಾಟ್ ಎಂಬ ನಿಂಬೆಜಾತಿಯ ಹಣ್ಣಿನ ಪರಿಮಳವಿರುವ ‘ಜನರಲ್’ ಅದರ ಪ್ರಸಿದ್ಧ ಮುದ್ರೆಗಳು. ತಂಬಾಕು, ನೀರು, ಉಪ್ಪು ಮತ್ತು ಸೋಡಿಯಂ ಕಾರ್ಬೊನೇಟ್ ಇದರ ಮುಖ್ಯ ಘಟಕಗಳು. ಕರ್ನಾಟಕದಲ್ಲಿ ಸುಣ್ಣ ಮಾಡುವ ಕೆಲಸವನ್ನು ಅಲ್ಲಿ ಸೋಡಾ ಮಾಡುತ್ತದೆ.

ಎರಡರ ನಡುವೆ ಮುಖ್ಯವಾದ ವ್ಯತ್ಯಾಸಗಳಿವೆ. ಸ್ನುಸ್ ಬಳಸುವವರು ಸಾಮಾನ್ಯವಾಗಿ ಉಗುಳುವುದಿಲ್ಲ. ಎಲೆಯಡಿಕೆ ಜಗಿಯುವವರು ಉಗುಳುತ್ತಾರೆ. ಸ್ನುಸ್‌ನ ತಂಬಾಕನ್ನು ಹುದುಗಿಸದೆ ಶಾಖದಿಂದ ಸಂಸ್ಕರಿಸುವುದರಿಂದ, ಕ್ಯಾನ್ಸರ್‌ಕಾರಕ ನೈಟ್ರೋಸಮೀನ್‌ಗಳು ಅದರಲ್ಲಿ ಕಡಿಮೆ ಪ್ರಮಾಣದಲ್ಲಿರುತ್ತವೆ. ಬಿಡಿಯಾಗಿ ಮಾರುವ ಹೊಗೆಸೊಪ್ಪಿಗೆ ಇಂತಹ ಸಂಸ್ಕರಣೆ ಇಲ್ಲ; ಮೇಲಾಗಿ ಅದು ಅಡಿಕೆಯೊಡನೆ ಬಳಕೆಯಾಗುತ್ತದೆ. ಆದ್ದರಿಂದ ಸ್ನುಸ್ ಬಗೆಗಿನ ಅಧ್ಯಯನಗಳ ಫಲಿತಾಂಶವನ್ನು ಹೊಗೆಸೊಪ್ಪಿಗೆ ಅನ್ವಯಿಸಲಾಗದು. ಸ್ನುಸ್ ಕೂಡ ನಿರಪಾಯಕಾರಿಯಲ್ಲ. ಅದು ಚಟವನ್ನು ಉಂಟುಮಾಡುತ್ತದೆ. ಯೂರೋಪಿಯನ್ ಒಕ್ಕೂಟದಲ್ಲಿ 1992ರಿಂದ ಅದರ ಮಾರಾಟಕ್ಕೆ ನಿಷೇಧವಿದ್ದು, 1995ರಲ್ಲಿ ಒಕ್ಕೂಟವನ್ನು ಸೇರಿದ ಸ್ವೀಡನ್ನಿಗೆ ಮಾತ್ರ ವಿನಾಯಿತಿ ಇದೆ.

ಕಡೂರು ಸೀಮೆಯಲ್ಲಿ ಎಲೆಯಡಿಕೆ ಮತ್ತು ಹೊಗೆಸೊಪ್ಪು

ಇಂದಿನ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೆ ಕಡೂರು ಜಿಲ್ಲೆ ಎಂಬ ಹೆಸರಿತ್ತು. ಕಡೂರು ಬಯಲುಸೀಮೆಯ ತಾಲ್ಲೂಕು. ತರೀಕೆರೆ ಮಲೆನಾಡಿನ ಅಂಚಿನಲ್ಲಿದೆ. ಅಜ್ಜಂಪುರವು ಇತ್ತೀಚೆಗೆ ತರೀಕೆರೆಯಿಂದ ಬೇರ್ಪಟ್ಟು ತಾಲ್ಲೂಕಾಗಿದೆ. ಅಡಿಕೆ ಮತ್ತು ತೆಂಗು ಈ ಸೀಮೆಯ ಪ್ರಮುಖ ತೋಟದ ಬೆಳೆಗಳು. ಇಲ್ಲಿ ಹಸಿ ಅಡಿಕೆಯನ್ನು ಸುಲಿದು, ಬೇಯಿಸಿ, ಚೊಗರಿನ ಬಣ್ಣ ಕಟ್ಟಿ ಒಣಗಿಸಿ ಕೆಂಪಡಿಕೆಯಾಗಿ ಮಾರುತ್ತಾರೆ.

ಮದುವೆಯ ವೀಳ್ಯಶಾಸ್ತ್ರ, ಬಾಗಿನ ಮತ್ತು ದೇವರ ಪೂಜೆಗಳಲ್ಲಿ ಎಲೆ ಅಡಿಕೆ ಇರಲೇಬೇಕು. ಊಟದ ನಂತರ ತಾಂಬೂಲ ಕೊಡುವುದು ಅತಿಥಿಗೆ ತೋರುವ ಮರ್ಯಾದೆ. ಆದರೆ ಮಂಗಳಕಾರ್ಯದ ತಾಂಬೂಲದಲ್ಲಿ ಹೊಗೆಸೊಪ್ಪಿಗೆ ಸ್ಥಾನವಿಲ್ಲ. ಅದು ಜಗಲಿಯ ಹರಟೆಯಲ್ಲಿ, ಹೊಲ ತೋಟಗಳ ಕೆಲಸದ ಬಿಡುವಿನಲ್ಲಿ ಬಳಕೆಯಾಗುವ ವಸ್ತುವಾಗಿಯೇ ಉಳಿದಿದೆ. ತಾಂಬೂಲಕ್ಕಿರುವ ಗೌರವದ ನೆರಳಿನಲ್ಲಿ ಹೊಗೆಸೊಪ್ಪಿನ ಅಭ್ಯಾಸವೂ ಮನೆಯೊಳಗೆ ಒಪ್ಪಿಗೆ ಪಡೆದಿದೆ. ಬೀಡಿ ಸಿಗರೇಟು ಮುಟ್ಟದ ಹಿರಿಯ ಹೆಂಗಸರೂ ಹೊಗೆಸೊಪ್ಪನ್ನು ಬಳಸುವುದುಂಟು.

ಆರೋಗ್ಯದ ಮೇಲಿನ ಪರಿಣಾಮ

ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಹೊಗೆರಹಿತ ತಂಬಾಕನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲನೆಯ ವರ್ಗದಲ್ಲಿ ಸೇರಿಸಿದೆ. ಬಾಯಿ, ಅನ್ನನಾಳ ಮತ್ತು ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ಗಳಿಗೆ ಅದು ಕಾರಣವಾಗುತ್ತದೆ. 2004ರಲ್ಲಿ ಪ್ರಕಟವಾದ ಇದೇ ಸಂಸ್ಥೆಯ ವರದಿಯು ತಂಬಾಕಿಲ್ಲದ ಎಲೆಯಡಿಕೆಯನ್ನೂ ಅಡಿಕೆಯನ್ನೂ ಅದೇ ವರ್ಗಕ್ಕೆ ಸೇರಿಸಿತು. ಅಡಿಕೆಯ ದೀರ್ಘಕಾಲದ ಬಳಕೆಯಿಂದ ಬಾಯಿಯ ಒಳಪದರ ಗಡುಸಾಗಿ, ಬಾಯಿ ತೆರೆಯುವುದೇ ಕಷ್ಟವಾಗುವ ರೋಗವೂ ಬರುತ್ತದೆ.

ಬಾಯಿಯಲ್ಲಿ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಖಾರ ತಿಂದಾಗ ವಿಪರೀತ ಉರಿ, ನುಂಗಲು ತೊಂದರೆ ಮುಂತಾದವು ಎಚ್ಚರಿಕೆಯ ಲಕ್ಷಣಗಳು. ಇವು ಎರಡು ವಾರಗಳಿಗಿಂತ ಹೆಚ್ಚು ಕಾಲ ಉಳಿದರೆ ವೈದ್ಯರ ತಪಾಸಣೆ ಅಗತ್ಯ. ಬೇಗ ಪತ್ತೆಯಾದ ಬಾಯಿಯ ಕ್ಯಾನ್ಸರನ್ನು ಗುಣಪಡಿಸುವ ಸಾಧ್ಯತೆ ಹೆಚ್ಚು. 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯು ರಾಜ್ಯದ ಪ್ರಮುಖ ಸರ್ಕಾರಿ ಕ್ಯಾನ್ಸರ್ ಚಿಕಿತ್ಸಾ ಕೇಂದ್ರ. ತಂಬಾಕು ಬಿಡಲು ಬಯಸುವವರಿಗಾಗಿ 1800-11-2356 ಎಂಬ ಉಚಿತ ರಾಷ್ಟ್ರೀಯ ಸಹಾಯವಾಣಿ ಇದೆ.

ಬಳಕೆಯ ಪ್ರಮಾಣ ಮತ್ತು ಕಾನೂನು

2016–17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕರಲ್ಲಿ ಶೇ. 10.7ರಷ್ಟು ಜನ ತಂಬಾಕನ್ನು ಸೇದುತ್ತಿದ್ದರೆ, ಶೇ. 21.4ರಷ್ಟು ಜನ ಹೊಗೆರಹಿತ ತಂಬಾಕನ್ನು ಬಳಸುತ್ತಿದ್ದರು. ಕರ್ನಾಟಕದಲ್ಲಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುವವರ ಪ್ರಮಾಣ ಶೇ. 22.8 ಇತ್ತು, ಇಲ್ಲಿಯೂ ಹೊಗೆರಹಿತ ತಂಬಾಕಿನ ಬಳಕೆಯೇ ಹೆಚ್ಚು.

2003ರ ಸಿಗರೇಟು ಮತ್ತು ಇತರ ತಂಬಾಕು ಉತ್ಪನ್ನಗಳ ಕಾಯಿದೆಯು ಅಪ್ರಾಪ್ತರಿಗೆ ತಂಬಾಕು ಮಾರುವುದನ್ನು ನಿಷೇಧಿಸುತ್ತದೆ. 2016ರಿಂದ ತಂಬಾಕು ಪೊಟ್ಟಣಗಳ ಶೇ. 85ರಷ್ಟು ಭಾಗದಲ್ಲಿ ಚಿತ್ರಸಹಿತ ಎಚ್ಚರಿಕೆ ಕಡ್ಡಾಯವಾಗಿದೆ. ಆದರೆ ಬಿಡಿಯಾಗಿ ಹರಿದು ಕೊಡುವ ಹೊಗೆಸೊಪ್ಪು ಕೊಳ್ಳುವವರ ಕೈಗೆ ಯಾವ ಎಚ್ಚರಿಕೆಯೂ ಇಲ್ಲದೆ ಸೇರುತ್ತದೆ. ಕರ್ನಾಟಕ ಸರ್ಕಾರವು 2013ರಲ್ಲಿ ಗುಟ್ಕಾವನ್ನು ನಿಷೇಧಿಸಿತು. ಆ ಬಳಿಕ ಪಾನ್ ಮಸಾಲೆ ಮತ್ತು ತಂಬಾಕನ್ನು ಬೇರೆ ಬೇರೆ ಚೀಟಿಗಳಲ್ಲಿ ಮಾರುವ ಪದ್ಧತಿ ಕಾಣಿಸಿಕೊಂಡಿತು. ಮಲೆನಾಡಿನ ಕೆಂಪಡಿಕೆಗೆ ಪಾನ್ ಮಸಾಲೆ ಉದ್ಯಮವು ದೊಡ್ಡ ಗ್ರಾಹಕನಾಗಿರುವುದರಿಂದ, ಇಂತಹ ನಿಷೇಧಗಳ ಪ್ರಸ್ತಾಪ ಬಂದಾಗಲೆಲ್ಲ ಅಡಿಕೆ ಬೆಳೆಗಾರರಲ್ಲಿ ಬೆಲೆಯ ಆತಂಕ ಮೂಡುತ್ತದೆ. ಬೆಳೆಗಾರರ ಜೀವನೋಪಾಯವನ್ನು ಕಾಪಾಡುತ್ತಲೇ ಜಗಿಯುವವರ ಆರೋಗ್ಯವನ್ನು ಉಳಿಸುವುದು ಈ ಪ್ರದೇಶದ ಮುಂದಿರುವ ಪ್ರಶ್ನೆಯಾಗಿದೆ.