ಗೂಡಿನ ಲೆಕ್ಕ

ಕೆಲವು ವರ್ಷದ ಹಿಂದೆ, ಜನವರಿಯ ಒಂದು ಭಾನುವಾರ, ಇನ್ನೂ ಕತ್ತಲಿರುವಾಗಲೇ ಬೆಂಗಳೂರು ಬಿಟ್ಟು ಕೊಕ್ಕರೆ ಬೆಳ್ಳೂರಿಗೆ ಹೋಗಿದ್ದೆವು. ಮದ್ದೂರು ತಾಲೂಕಿನ ಪುಟ್ಟ ಊರು. ಹಿತ್ತಲಿನ ಹುಣಸೆ ಮರದ ಮೇಲೆ ಹೆಜ್ಜಾರ್ಲೆಗಳು, ಪಕ್ಕದ ಮರದಲ್ಲಿ ಬಣ್ಣದ ಕೊಕ್ಕರೆಗಳು. ಕೆಳಗೆ ಎಮ್ಮೆ, ಬೈಕು, ಒಣಹಾಕಿದ ಬಟ್ಟೆ. ಎರಡು ಗಂಟೆ ಕ್ಯಾಮೆರಾ ಕ್ಲಿಕ್ಕಿಸಿದ್ದೇ ಕ್ಲಿಕ್ಕಿಸಿದ್ದು. ಜಗಲಿ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದ ಅಜ್ಜಿಯೊಬ್ಬರು ಕೇಳಿದರು: "ಅಷ್ಟೊಂದು ಪಟ ತೆಗುದ್ರಲ್ಲ, ಆ ಮರದಲ್ಲಿ ಎಷ್ಟು ಗೂಡವೆ ಯೋಳಿ ನೋಡವ?"

ನಾವು ಮುಖ ಮುಖ ನೋಡಿಕೊಂಡೆವು.

"ಹೋದ್ ವರ್ಸಕ್ಕಿಂತ ಮೂರು ಕಮ್ಮಿ ಕಣಪ್ಪ" ಅಂದರು ಅಜ್ಜಿ, ಅವರೆಕಾಯಿಯಿಂದ ಕಣ್ಣೆತ್ತದೆ.

ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಹಕ್ಕಿಗಳನ್ನ ಕಾಯೋದು ನಮ್ಮ ಕಡೆ ಬಹಳ ಹಳೇ ಅಭ್ಯಾಸ. ತಮಿಳುನಾಡಿನ ವೇಡಂತಾಂಗಲ್ ಕೆರೆಯನ್ನೇ ನೋಡಿ. ಅಲ್ಲಿ ಯಾರೂ ಹಕ್ಕಿ ಹೊಡೆಯಕೂಡದು ಅಂತ ಊರಿನವರು ಚೆಂಗಲ್ಪಟ್ಟಿನ ಕಲೆಕ್ಟರ್ ಲಯೊನೆಲ್ ಪ್ಲೇಸ್‌ನಿಂದ ಬರೆಸಿಕೊಂಡದ್ದು 1798ರಲ್ಲಿ. ಹಕ್ಕಿ ಹಿಕ್ಕೆ ಬಿದ್ದ ಕೆರೆ ನೀರು ಗದ್ದೆಗೆ ಗೊಬ್ಬರ ಅನ್ನೋದು ರೈತರಿಗೆ ಚೆನ್ನಾಗಿ ಗೊತ್ತಿತ್ತು. ಹತ್ತೊಂಬತ್ತನೇ ಶತಮಾನದಲ್ಲಿ ಮದ್ರಾಸ್ ಸೈನ್ಯದ ವೈದ್ಯ ಟಿ.ಸಿ. ಜರ್ಡನ್ ಕೂಡ ಕರ್ನಾಟಿಕ್ ಸೀಮೆಯ ಒಂದು ಹಳ್ಳಿಯಲ್ಲಿ, ಜನರ ನಡುವೆಯೇ, ತಲೆತಲಾಂತರದಿಂದ ಹೆಜ್ಜಾರ್ಲೆಗಳು ಗೂಡು ಕಟ್ಟುತ್ತಿದ್ದುದನ್ನು ನೋಡಿ ಬರೆದಿದ್ದಾನೆ.

ಕಾಯೋದು ಹಳೇದು, ಸರಿ. ಆದರೆ ವರ್ಷ ವರ್ಷ ಎಣಿಸಿ ಬರೆದಿಡೋದು? ಅದು ಇರಲಿಲ್ಲ. ಅದಕ್ಕೆ ನಾವು ತೆತ್ತ ಬೆಲೆ ಏನು ಅಂತ ಗೊತ್ತಾಗಬೇಕಾದರೆ ಆಂಧ್ರದ ಕೊಲ್ಲೇರು ಸರೋವರದ ಕಡೆ ಹೋಗಬೇಕು. ಮಲಯಾಳದಲ್ಲಿ 'ಇಂದುಚೂಡನ್' ಹೆಸರಿನಲ್ಲಿ ಹಕ್ಕಿಗಳ ಬಗ್ಗೆ ಬರೆಯುತ್ತಿದ್ದ ಕೆ.ಕೆ. ನೀಲಕಂಠನ್ ವೃತ್ತಿಯಲ್ಲಿ ಮೇಷ್ಟ್ರು. 1946ರಲ್ಲಿ ಆ ಸೀಮೆಯ ಹಳ್ಳಿಯೊಂದರಲ್ಲಿ ಅವರು ಸುಮಾರು 3,000 ಹೆಜ್ಜಾರ್ಲೆಗಳ ಗೂಡುತಾಣ ನೋಡಿದರು. ದೇಶದಲ್ಲೇ ದೊಡ್ಡದು. 1970ರ ದಶಕದ ನಡುವಿನ ಹೊತ್ತಿಗೆ ಆ ತಾಣ ಬರಿದಾಗಿಹೋಯಿತು. ಮೂವತ್ತು ವರ್ಷ ಕೂಡ ಆಗಿರಲಿಲ್ಲ. ಒಂದು ತಾಣ ಹೀಗೆ ಖಾಲಿಯಾದಾಗ ಕೇಳಬೇಕಾದ ಪ್ರಶ್ನೆ ಒಂದೇ: ಒಂದೇ ವರ್ಷದಲ್ಲಿ ಹೋದವೋ, ವರ್ಷಕ್ಕೆ ಇಷ್ಟಿಷ್ಟು ಅಂತ ಕರಗಿದವೋ? ಉತ್ತರದ ಮೇಲೆ ಕಾರಣವೂ ಬದಲಾಗುತ್ತೆ, ಪರಿಹಾರವೂ ಬದಲಾಗುತ್ತೆ. ಉತ್ತರ ಸಿಗೋದು ನಡುವಿನ ವರ್ಷಗಳ ನೋಟ್‌ಬುಕ್ ಇದ್ದರೆ ಮಾತ್ರ.

ಅಂಥ ನೋಟ್‌ಬುಕ್ ಇದ್ದರೆ ಏನಾಗುತ್ತೆ ಅನ್ನೋದಕ್ಕೆ ಬ್ರಿಟನ್ನಿನ ಉದಾಹರಣೆ ಇದೆ. 1928ರಲ್ಲಿ ಮ್ಯಾಕ್ಸ್ ನಿಕಲ್ಸನ್ ಅನ್ನೋ ಇಪ್ಪತ್ತಮೂರರ ಹುಡುಗ ದೇಶದ ಬೂದು ಬಕಗಳ ಗೂಡುಗಳನ್ನೆಲ್ಲ ಎಣಿಸೋಣ ಬನ್ನಿ ಅಂತ ಹಕ್ಕಿಪ್ರಿಯರನ್ನ ಕರೆದ. ಸಂಬಳವಿಲ್ಲ, ಭತ್ಯೆ ಇಲ್ಲ. ವಸಂತದಲ್ಲಿ ನಿಮ್ಮೂರ ಪಕ್ಕದ ತೋಪಿಗೆ ಹೋಗಿ, ಹಕ್ಕಿ ಇರುವ ಗೂಡು ಎಷ್ಟು ಅಂತ ಎಣಿಸಿ, ಬರೆದು ಕಳಿಸಿ, ಅಷ್ಟೇ. ಆ ಎಣಿಕೆ ಇವತ್ತಿಗೂ ನಡೀತಿದೆ. ಗೂಡು ಕಟ್ಟುವ ಕಾಲದ ಹಕ್ಕಿ ಎಣಿಕೆಗಳಲ್ಲಿ ಜಗತ್ತಿನಲ್ಲೇ ಅತಿ ದೀರ್ಘವಾದದ್ದು ಇದು. 1962-63ರ ಭೀಕರ ಚಳಿಗೆ ಅಲ್ಲಿನ ಕೆರೆ, ಹೊಳೆಗಳು ಹೆಪ್ಪುಗಟ್ಟಿದವು, ಬಕಗಳಿಗೆ ಮೀನು ಸಿಗದಾಯಿತು. ಗೂಡುಗಳು ಹೆಚ್ಚೂಕಮ್ಮಿ ಅರ್ಧಕ್ಕಿಳಿದವು, ಮುಂದಿನ ವರ್ಷಗಳಲ್ಲಿ ನಿಧಾನಕ್ಕೆ ಏರಿದವು. ಕುಸಿತ ಎಷ್ಟು, ಚೇತರಿಕೆಗೆ ಎಷ್ಟು ವರ್ಷ ಬೇಕು ಅನ್ನೋದು ಅವರಿಗೆ ಗೊತ್ತಾದದ್ದು ಹಿಂದಿನ ಮೂವತ್ತೈದು ವರ್ಷ ಏನೂ ವಿಶೇಷ ಇಲ್ಲದಿದ್ದರೂ ಜನ ಎಣಿಸಿದ್ದರಿಂದ.

ಮತ್ತೆ ನಮ್ಮ ಬೆಳ್ಳೂರಿಗೆ ಬರೋಣ. ಹೊರಗಿನ ಜಗತ್ತಿಗೆ ಈ ಊರನ್ನ ಪರಿಚಯಿಸಿದವರು ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ್, 1976ರಲ್ಲಿ. ಈ ಹೆಸರು ಬೆಂಗಳೂರಿನವರು ಮರೆಯಬಾರದು. 1980ರ ದಶಕದಲ್ಲಿ ನಗರದ ತುಂಬ ಲಕ್ಷಾಂತರ ಮರ ನೆಡಿಸಿದವರೂ ಅವರೇ. ನೀವು ನೆರಳು ನೋಡಿ ಕಾರು ನಿಲ್ಲಿಸುವ ಮರ ಅವರ ಕಾಲದ್ದೇ ಇರಬಹುದು. ಊರಿನವರಿಗಂತೂ ಈ 'ಶೋಧ' ಹೊಸದೇನಲ್ಲ. ಹೆಣ್ಣುಮಕ್ಕಳು ತವರಿಗೆ ಬಾಣಂತನಕ್ಕೆ ಬಂದ ಹಾಗೆ ಹಕ್ಕಿಗಳು ಬರುತ್ತವೆ ಅನ್ನೋದು ಅವರ ಮಾತು. ಆದರೆ ತವರಿನವರಿಗೂ ಖರ್ಚಿರುತ್ತೆ. ಗೂಡಿರುವ ಹುಣಸೆ ಮರದ ಫಸಲು ಕೈಗೆ ಬರಲ್ಲ. ಅದಕ್ಕೇ ಅರಣ್ಯ ಇಲಾಖೆ ಮರದ ಮಾಲೀಕರಿಗೆ ಪರಿಹಾರ ಕೊಡುವ ಪದ್ಧತಿ ಬಂತು. 1994ರ ಹೊತ್ತಿಗೆ ಮೈಸೂರಿನ ಹವ್ಯಾಸಿ ನಿಸರ್ಗಪ್ರಿಯರ ಜತೆ ಸೇರಿ ಊರಿನ ಯುವಕರು 'ಹೆಜ್ಜಾರ್ಲೆ ಬಳಗ' ಕಟ್ಟಿದರು. ಗೂಡಿಂದ ಬಿದ್ದ ಮರಿಗಳನ್ನ ಬೇಲಿಯೊಳಗೆ ಇಟ್ಟು, ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಬಿಡೋದು ಅವರ ಕೆಲಸ. 2007ರಲ್ಲಿ ಊರು 'ಸಮುದಾಯ ಮೀಸಲು' ಆಯಿತು.

2017ರ ಕೊನೆಗೆ ಅಲ್ಲಿ ಹೆಜ್ಜಾರ್ಲೆಗಳು ಒಂದೊಂದಾಗಿ ಸಾಯಲು ಶುರುವಾದವು. ಪರೀಕ್ಷೆ ಮಾಡಿದಾಗ ಸಿಕ್ಕಿದ್ದು ಜಂತುಹುಳ. ದಿನಾ ಮರದ ಕೆಳಗೆ ಓಡಾಡುವ ಜನರಿರುವ ಊರಲ್ಲಿ ಇಂಥದ್ದು ಬೇಗ ಕಣ್ಣಿಗೆ ಬೀಳುತ್ತೆ. ಯಾರೂ ಹೋಗದ ಕೆರೆಯ ನಡುಗಡ್ಡೆಯಲ್ಲಿ?

ನಮ್ಮಲ್ಲಿ 1987ರಿಂದ ಪ್ರತಿ ಜನವರಿ ಸ್ವಯಂಸೇವಕರು ನೀರಹಕ್ಕಿ ಗಣತಿ ಮಾಡುತ್ತಾರೆ. ಒಳ್ಳೇದೇ. ಆದರೆ ಅದು ನೀರಲ್ಲಿ ಎಷ್ಟು ಹಕ್ಕಿ ಇವೆ ಅಂತ ಹೇಳುತ್ತೆ, ಎಷ್ಟು ಮರಿ ಮಾಡಿದವು ಅಂತಲ್ಲ. ಹೆಜ್ಜಾರ್ಲೆ ಬಹಳ ವರ್ಷ ಬದುಕುವ ಹಕ್ಕಿ. ಹತ್ತು ವರ್ಷ ಮರಿಯೇ ಆಗದಿದ್ದರೂ ಕೆರೆ ತುಂಬಿದಂತೆಯೇ ಕಾಣಬಹುದು. ಗೂಡು ಎಣಿಸಿದರೆ ಕೊರತೆ ಮೊದಲೇ ತಿಳಿಯುತ್ತೆ.

ಊರೊಳಗಿನ ಗೂಡುಗಳಿಗೆ ಇನ್ನೊಂದು ಅಪಾಯ ಇದೆ. 2022ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಹೆದ್ದಾರಿ ಅಗಲ ಮಾಡಲು ಒಂದು ಮರ ಉರುಳಿಸಿದರು. ಅದರ ತುಂಬ ನೀರುಕಾಗೆಗಳ ಗೂಡಿದ್ದವು. ಮರಿಗಳು ನೆಲಕ್ಕಪ್ಪಳಿಸಿದ ವಿಡಿಯೋ ನೀವೂ ನೋಡಿರ್ತೀರ. ಅಂಥ ಮರ ನಿಮ್ಮ ಅಪಾರ್ಟ್‌ಮೆಂಟ್ ಎದುರಲ್ಲೂ ಇರಬಹುದು. ಕಾರಿನ ಮೇಲೆ ಹಿಕ್ಕೆ ಬೀಳುತ್ತೆ ಅಂತ ಕೊಂಬೆ ಕಡಿಸೋ ಮಾತು ವಾಟ್ಸಾಪ್ ಗ್ರೂಪಲ್ಲಿ ಬಂದಾಗ, "ಇಲ್ಲಿ ಇಷ್ಟು ಗೂಡಿವೆ, ಮರಿ ಹಾರೋತನಕ ಬೇಡ" ಅನ್ನಲು ಕೈಯಲ್ಲಿ ತಾರೀಕು ಸಮೇತ ಲೆಕ್ಕ ಇರಬೇಕು.

ಕೆಲಸವೇನೋ ಬೋರಿಂಗು. ಅದೇ ಮರ, ಹದಿನೈದು ದಿನಕ್ಕೊಮ್ಮೆ, ಅದೇ ನೋಟ್‌ಬುಕ್. ಮರ ಹತ್ತಬಾರದು, ಡ್ರೋನ್ ಹಾರಿಸಬಾರದು. ಉರಿಬಿಸಿಲಲ್ಲಿ ತಾಯಿ ಹೆದರಿ ಎದ್ದರೆ ಮರಿ ಬೇಯುತ್ತೆ, ಮೊಟ್ಟೆ ಕಾಗೆ ಪಾಲಾಗುತ್ತೆ. ದೂರ ನಿಂತು, ಬೇಗ ಎಣಿಸಿ, ಹೊರಡಬೇಕು. ಖಾಲಿ ಗೂಡು ಬೇರೆ, ಹಕ್ಕಿ ಕೂತ ಗೂಡು ಬೇರೆ, ಎರಡನ್ನೂ ಬರೀಬೇಕು. ಏನೂ ಬದಲಾಗದ ವರ್ಷವನ್ನೂ ಬರೀಬೇಕು.

ಮಾರನೇ ವರ್ಷ ಅದೇ ಜಗಲಿ ಮುಂದೆ ನಿಂತು ಅಜ್ಜಿಗೆ ಮೊದಲೇ ಹೇಳಿದೆ, "ಅಜ್ಜಿ, ಈ ಸಲ ಒಂಬತ್ತು."

ಅಜ್ಜಿ ನಕ್ಕರು. "ಒಂದ್ ಬುಟ್ಟೆ ಕಣಪ್ಪ. ಆಚೆ ಕಡೆ ಕೊಂಬೇಲೊಂದೈತೆ. ಸುತ್ತ ಬಂದು ನೋಡು."