ಕುಮಾರರಾಮ, ಓಬವ್ವ: ರಂಗ ಮತ್ತು ತೆರೆಯ ಮೇಲೆ

ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಸೀಮೆಯ ಜನ ತಮ್ಮ ಚರಿತ್ರೆಯನ್ನು ಬಹುಪಾಲು ದೊಡ್ಡಾಟವೆಂಬ ಜನಪದ ನಾಟಕದ ಅಟ್ಟದ ಮೇಲೆಯೇ ಕಂಡವರು. ಆ ಆಟಗಳ ದೊಡ್ಡ ನಾಯಕ ಕಂಪಿಲಿಯ ರಾಜಕುಮಾರ ಕುಮಾರರಾಮ. ಕಥೆಯಲ್ಲಿ ಅವನ ಆಟದ ಚೆಂಡು ಮಲತಾಯಿ ರತ್ನಾಜಿಯ ಅರಮನೆಗೆ ಬೀಳುತ್ತದೆ. ತರಲು ಹೋದ ರಾಮ ಅವಳ ಮೋಹಕ್ಕೆ ಮಣಿಯುವುದಿಲ್ಲ. ಅವಳ ದೂರು ನಂಬಿದ ತಂದೆ ಮಗನ ತಲೆ ಕಡಿಯಲು ಅಪ್ಪಣೆ ಕೊಡುತ್ತಾನೆ. ಮಂತ್ರಿ ಬೈಚಪ್ಪ ಬೇರೊಂದು ತಲೆ ತೋರಿಸಿ ರಾಮನನ್ನು ಬಚ್ಚಿಡುತ್ತಾನೆ. 1327ರ ಸುಮಾರಿಗೆ ದೆಹಲಿ ಸೇನೆಗೆ ಕಂಪಿಲಿ ಬಿದ್ದ ರಾಜಕೀಯ ಘಟನೆಗಿಂತ ಈ ಮನೆಯೊಳಗಿನ ಅನ್ಯಾಯವೇ ಜನಮನದಲ್ಲಿ ಆಳವಾಗಿ ಉಳಿದಿದೆ. ಶಿವರಾಜ್‌ಕುಮಾರ್ ನಟಿಸಿದ ‘ಗಂಡುಗಲಿ ಕುಮಾರರಾಮ’ (2006) ಇದೇ ಕಥೆಯ ಸಿನಿಮಾ.

ಈ ಸೀಮೆಯ ಇನ್ನೊಂದು ಹೆಸರು ಚಿತ್ರದುರ್ಗ ಕೋಟೆಯ ವೀರವನಿತೆ ಒನಕೆ ಓಬವ್ವ. ಅವಳು ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯ ಮಗಳೆಂಬುದು ಸ್ಥಳೀಯರ ನಂಬಿಕೆ. ಪುಟ್ಟಣ್ಣ ಕಣಗಾಲರ ‘ನಾಗರಹಾವು’ (1972) ಚಿತ್ರದ ಒಂದೇ ಹಾಡಿನಲ್ಲಿ ನಟಿ ಜಯಂತಿ ಅವಳನ್ನು ನಾಡಿಗೆಲ್ಲ ಪರಿಚಯಿಸಿದರು.

ಇದೇ ಸೀಮೆಯ ಆಧುನಿಕ ರಂಗಚಟುವಟಿಕೆಗೆ ಹೂವಿನಹಡಗಲಿಯಲ್ಲಿ ನೆಲೆ ಒದಗಿಸಿದ್ದು ರಾಜಕಾರಣಿ ಎಂ.ಪಿ. ಪ್ರಕಾಶ್ ಕಟ್ಟಿದ ರಂಗಭಾರತಿ ಸಂಸ್ಥೆ. ಮರಿಯಮ್ಮನಹಳ್ಳಿಯ ಕಲಾವಿದೆ ಮಂಜಮ್ಮ ಜೋಗತಿ, ಯಲ್ಲಮ್ಮ ದೇವಿಗೆ ಮುಡಿಪಾಗಿ ಸಮಾಜ ಹೊರಗಿಟ್ಟ ಜೋಗತಿಯರ ಬದುಕಿಗೂ ರಂಗದಲ್ಲಿ ಗೌರವದ ಜಾಗವಿದೆಯೆಂದು ತೋರಿಸಿದರು. ಅವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು.